ಎಡದಿಂದ ಓದಿದವರ ಅಭಿಪ್ರಾಯ

ಕುಷ್ಟಗಿ,
ನಿನ್ನ ಖಾಲಾ, ಅಂದರೆ ಅಮ್ಮಿಯ ತಂಗಿಯ ಮನೆಯ ಹೊರಗಿನ ಕಟ್ಟೆ,
ಸೋಮವಾರ, 18 ಆಗಸ್ಟ್ 2025, ಮಧ್ಯಾಹ್ನ

ಸ್ವಸ್ತಿ ಸಮಸ್ತ ಪೆನ್ಸಿಲ್ ಮಂಡಲಾಧೀಶ್ವರ, ರಬ್ಬರುಗಳ ಗಂಡ, ಖಾಲಿ ಹಾಳೆಗಳ ವೈರಿ, ಗಂಗಾವತಿ ಬಸ್‌ಸ್ಟ್ಯಾಂಡಿನಿಂದ ಮರಿಸ್ವಾಮಿಯ ಜೆರಾಕ್ಸ್ ಅಂಗಡಿಯವರೆಗಿನ ನೂರಾಹತ್ತು ಹೆಜ್ಜೆಗಳ ಸಾಮ್ರಾಜ್ಯದಲ್ಲಿ ಕೀರ್ತಿಪತಾಕೆ ಹಾರಿಸಿದ, ನಂಬರ್ ಪ್ಲೇಟ್ ಬರೆಯುವ ಮದಾರಸಾಬರ ಕುಲದೀಪಕ, ಅರ್ಧಕ್ಕೆ ನಿಂತ ಮಾಂಗಾದ ಚಕ್ರವರ್ತಿ ಶ್ರೀ ಶ್ರೀ ಮಾಜೀದ ಅವರ ಚಪ್ಪಲಿರಹಿತ ಪಾದಾರವಿಂದಗಳಿಗೆ, ಅವರ ಏಕಮೇವ ಪ್ರಕಾಶಕ, ಪ್ರಚಾರಕ ಹಾಗೂ ಪಿನ್ನು ಹೊಡೆಯುವವನಾದ ಕಲ್ಲೇಶನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಚಪ್ಪಲಿ ಹುಡುಕಬೇಡ. ನನ್ನ ಕೆಳಗಿವೆ. ಅವುಗಳ ಮೇಲೆ ಕೂತೇ ಬರೆಯುತ್ತಿದ್ದೇನೆ. ಬರಿಗಾಲಲ್ಲಿ ನೀನು ಎಲ್ಲಿಗೂ ಹೋಗುವವನಲ್ಲ, ಒಂದು ಜಾಲಿಮುಳ್ಳು ಚುಚ್ಚಿದರೆ ಊರು ಸೇರಿಸುವ ಗಿರಾಕಿ ಎಂಬ ಭರವಸೆಯ ಮೇಲೆ ಈ ಕೆಲಸ ಮಾಡಿದ್ದೇನೆ. ನಾನು ಬೆಳಿಗ್ಗೆ ಹತ್ತಕ್ಕೇ ಬಂದೆ. ಒಳಗೆ ಬಂದರೆ ನೀನು ಗೋಡೆಯ ಕಡೆ ತಿರುಗಿ ಮಲಗುತ್ತೀ ಅಂತ ಗೊತ್ತು. ನಿನ್ನೆ ಫೋನಿನಲ್ಲಿ ನನ್ನ ಹೆಸರು ಹೇಳಿದ ಕೂಡಲೇ ಹಾಗೇ ಮಾಡಿದೆಯಂತೆ. ಅದಕ್ಕೆ ಹೊರಗೇ ಕೂತೆ. ಬರೆದು ಮುಗಿಸಿದ ಮೇಲೆ ಖಾಲಾ ಇದನ್ನು ಚಹಾದ ಜೊತೆ ನಿನ್ನ ಮುಂದೆ ಇಡುತ್ತಾರೆ. ಗೋಡೆಗೆ ಮುಖ ಮಾಡಿಯೇ ಓದು, ಅಡ್ಡಿ ಇಲ್ಲ. ಓದು ಅಷ್ಟೇ.

ನನ್ನ ಅಕ್ಷರ ಸೊಟ್ಟಗಿದೆ ಅಂತ ನಗಬೇಡ. ಮೊಣಕಾಲ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ಕುರ್ಚಿಗೆ ಗೋಂದು ಹಚ್ಚಿದ್ದೂ ಇದೇ ಕೈ, ಇದರಿಂದ ಇನ್ನೇನು ಬಂದೀತು.

ವಿಷಯ ಹೇಳುತ್ತೇನೆ. ನಿನ್ನ ಆರನೇ ಸಂಚಿಕೆಯನ್ನು ನಾನು ಶುಕ್ರವಾರ ಬೆಳಿಗ್ಗೆ ಓದಿದೆ. ಗುರುವಾರ ಸಂಜೆ ನೀನು ಮೊದಲ ಸಲ ಮರಿಸ್ವಾಮಿಯ ಅಂಗಡಿಗೆ ಬಂದು, ಮೊಳೆಗೆ ತೂಗು ಹಾಕಿದ್ದ ಅಭಿಪ್ರಾಯದ ವಹಿಯನ್ನು ನಿಂತಲ್ಲೇ ಪೂರ್ತಿ ಓದಿ, ಹೊಸ ಹಾಳೆಗಳನ್ನು ಮೆಷಿನ್ನಿನ ಮೇಲಿಟ್ಟು ಹೋದೆಯಂತೆ. ಮರಿಸ್ವಾಮಿ ಹೇಳಿದ. "ನಿಮ್ಮ ಗೆಳ್ಯಾ ಬಂದಿದ್ದ. ನಾ ಚಾ ತರಿಸ್ತೀನಿ ಕುಂದರ್ಲೇ ಅಂದ್ರ ನನ್ನ ಮಾರಿನೂ ನೋಡ್ಲಿಲ್ಲ" ಅಂದ. ನಾನು ನಕ್ಕೆ. ದೊಡ್ಡ ಕಲಾವಿದರಿಗೆ ಕೊಬ್ಬು ಇರೋದೇ ಅಂದೆ. ಆಮೇಲೆ ಹಾಳೆ ತಿರುವಿದೆ.

ನಿನ್ನ ಮಾಂಗಾ, ಈ ಚಿತ್ರಕಥೆ, ಏನೆಂದು ನಿನಗೇ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ಯಾಕೆಂದರೆ ನಾವು ಓದಿದ್ದು ಏನು ಅನ್ನುವುದು ನಿನಗೆ ಗೊತ್ತಾಗಬೇಕು. ಗೀಚ್ಯಾ ಅಂತ ಒಬ್ಬ ಹುಡುಗ. ತನ್ನನ್ನು ಯಾರೋ ಬರೆಯುತ್ತಿದ್ದಾರೆ ಅಂತ ಅವನಿಗೆ ಗೊತ್ತು. ಬಾಗಿಲು ಸೊಟ್ಟ ಬರೆದರೆ ಚೌಕದೊಳಗಿನಿಂದ ನಿನ್ನನ್ನೇ ಬೈಯುತ್ತಾನೆ. ನಿನ್ನ ಕೈ, ಆ ಹೆಬ್ಬೆರಳಿನ ಬಣ್ಣದ ಕಲೆ ಸಮೇತ, ಚಿತ್ರದೊಳಗೆ ಬಂದು ಅವನ ತಲೆಗೂದಲು ತಿದ್ದುತ್ತದೆ. ಪುಟಕ್ಕೆ ಅಡ್ಡಡ್ಡ ನಾಲ್ಕೇ ಚೌಕ. ಪ್ರತಿ ಸಂಚಿಕೆಯ ಕೊನೆಯ ಚೌಕದಲ್ಲಿ ಗೀಚ್ಯಾ ಓದುವವರ ಕಡೆ ನೇರ ನೋಡಿ, "ಎಲ್ಲಾ ನೋಡಿದ್ರಲ್ಲ? ಈಗ ಹೇಳ್ರಿ, ನಾ ಇರಬೇಕೋ ಬ್ಯಾಡೋ?" ಅಂತ ಕೇಳುತ್ತಾನೆ. ಅದಕ್ಕೆ ಉತ್ತರ ಬರೆಯಲೆಂದೇ ಆ ವಹಿ.

ಈಗ ಕೇಳು. ಆ ಚೌಕ ನಮ್ಮಲ್ಲಿ ಯಾರಿಗೂ ಕೊನೆಯ ಚೌಕ ಅಲ್ಲ. ಮೊದಲನೆಯದು.

ನೀನು ಏಳನೇ ಇಯತ್ತೆಯವರೆಗೆ ಉರ್ದು ಸಾಲಿಯಲ್ಲಿ ಓದಿದವನು. ಜಪಾನಿನವರ ಮಾಂಗಾ ಬಲದಿಂದ ಎಡಕ್ಕೆ ಹೋಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದಾಗ ನಿನಗೆ ವಿಚಿತ್ರವೇ ಅನಿಸಲಿಲ್ಲ. ನಮ್ಮ ಸಾಲಿಯೊಳಗ ಹಿಂಗೇ ಅಲ್ಲೇನು ಅಂದುಕೊಂಡೆ. ಹಾಗೇ ಬರೆದೆ. ಮರಿಸ್ವಾಮಿ ನಡುವೆ ಮಡಚಿ ಎರಡು ಪಿನ್ನು ಹೊಡೆದ. ಆ ಕಡೆಯಿಂದಲೂ ತೆಗೆಯಬಹುದು, ಈ ಕಡೆಯಿಂದಲೂ ತೆಗೆಯಬಹುದು. ಅರ್ಜಿ ಫಾರಮ್ಮಿನ ಜೆರಾಕ್ಸಿಗೆ ಬಂದ ಸುನಿತಾ, ಆಧಾರ್ ಕಾರ್ಡಿಗೆ ಬಂದ ಪ್ರಭುರಾಜ, ಎಲ್ಲರೂ ಹುಟ್ಟಿದಾಗಿನಿಂದ ತೆಗೆಯುವ ಕಡೆಯಿಂದಲೇ ತೆಗೆದರು. ಎಡದಿಂದ ಓದಿದರು. ಐದು ಸಂಚಿಕೆ ಹಾಗೇ ಓದಿದರು. ರಟ್ಟಿನ ಮೇಲೆ ಒಂದು ಗುರುತಾದರೂ ಹಾಕಬಾರದಿತ್ತೇನಲೇ ನೀನು?

ಅವರಿಗೆ ಸಿಕ್ಕ ಕಥೆಯೇ ಬೇರೆ. ಗೀಚ್ಯಾ ಬಂದ ಕೂಡಲೇ "ಎಲ್ಲಾ ನೋಡಿದ್ರಲ್ಲ?" ಅನ್ನುತ್ತಾನೆ. ಇನ್ನೂ ಏನೂ ಆಗಿಲ್ಲ. ಉತ್ತರ ಮೊದಲು ಹೇಳಿ ಪ್ರಶ್ನೆ ಆಮೇಲೆ ಕೇಳುತ್ತಾನೆ. ಒಡೆದ ಬಿಂದಿಗೆ ಕೂಡಿಕೊಂಡು ತಲೆಯ ಮೇಲೆ ಹತ್ತಿ ಕೂರುತ್ತದೆ. ಸುನಿತಾ ವಹಿಯಲ್ಲಿ, "ಓದುಗರಿಗಿಂತ ಮೊದಲೇ ಕಥೆ ಓದಿ ಮುಗಿಸಿರುವ ನಾಯಕನನ್ನು ನಾನು ಎಲ್ಲೂ ಕಂಡಿಲ್ಲ" ಅಂತ ಬರೆದಳು. ಪ್ರಭುರಾಜ, "ಇರಪ್ಪಾ ಇರು, ಇನ್ನಾ ಶುರುನೇ ಆಗಿಲ್ಲ" ಅಂತ ಬರೆದ. ನಾನು ನಿನಗೆ ಬಂದು "ಜನಕ್ಕ ಹುಚ್ಚು ಹಿಡದೈತಿ" ಅಂದೆ. ನೀನು ಯಾರು ಏನು ಬರೆದರು ಅಂತ ಕೇಳುತ್ತಿರಲಿಲ್ಲ. ನಾಚಿಕೆಯಿಂದ ಬ್ರಷ್ ತೊಳೆಯುತ್ತಿದ್ದೆ.

ಐದನೆಯ ಸಂಚಿಕೆಯಲ್ಲಿ ನೀನು ಅಮ್ಮಿಯನ್ನು ಬರೆದೆ.

ಮಾಜೀದ, ನೀನು ಬರೆದ ಹಾಗೆ ಓದಿದರೆ ಮೊದಲು ಅಮ್ಮಿ ಒಂದು ಬಟ್ಟಲು ಚಹಾ ಚಾಚುತ್ತಾರೆ, ಇನ್ನೊಂದಕ್ಕೆ ಸೋಸುತ್ತಾರೆ. ಆಮೇಲೆ ಒಲೆಯ ಹತ್ತಿರ ಕುಸಿಯುತ್ತಾರೆ. ಆಂಬ್ಯುಲೆನ್ಸ್ ಹೋಗುತ್ತದೆ. ಖಾಲಿ ಮಂಚ. ನಿನ್ನ ಕೈ ಚೌಕದೊಳಗೆ ಬಂದು ಮಂಚದ ಮೇಲಿನ ಚಾದರ ಸರಿ ಮಾಡುತ್ತದೆ. ಗೀಚ್ಯಾ ನಮ್ಮ ಕಡೆ ನೋಡಿ ಕೇಳುತ್ತಾನೆ. ಎಡದಿಂದ ಓದಿದವರಿಗೆ ಗೀಚ್ಯಾನ ಪ್ರಶ್ನೆಯ ಬೆನ್ನಿಗೇ ಖಾಲಿ ಮಂಚ. ಆಮೇಲೆ ಆಂಬ್ಯುಲೆನ್ಸ್ ಮನೆಗೆ ಬರುತ್ತದೆ. ನೆಲದ ಮೇಲಿದ್ದ ತಾಯಿ ಏಳುತ್ತಾಳೆ. ಚಹಾ ಸೋಸುತ್ತಾಳೆ. ಬಟ್ಟಲು ತುಂಬಿ ನಮ್ಮ ಕಡೆ ಚಾಚುತ್ತಾಳೆ. ಮುಗಿಯಿತು.

ಗುರುವಾರ ನೀನು ಓದಿದ್ದು ಅದಕ್ಕೆ ಬಂದ ಅಭಿಪ್ರಾಯಗಳನ್ನು. "ಅಮ್ಮನ ಭಾಗ ಓದಿ ಖುಷಿಗೆ ನಕ್ಕುಬಿಟ್ಟೆ. ಆಂಬ್ಯುಲೆನ್ಸ್ ಅಂತೂ ಸೂಪರ್." ಇದು ಸುನಿತಾ. "ಹಿಂಗ ಬರೆಯೋದಾದ್ರ ನಮ್ಮ ಅಜ್ಜಿದೂ ಒಂದು ಸಂಚಿಕಿ ಮಾಡ್ರಿ." ಇದು ಪ್ರಭುರಾಜ. ನಿನ್ನ ತಾಯಿ ಸತ್ತದ್ದಕ್ಕೆ ಊರು ನಕ್ಕಿತು ಅಂತ ನೀನು ತಿಳಿದೆ. ನೀನಿದ್ದ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ.

ಇನ್ನೊಂದು ಇತ್ತು, ಎಲ್ಲಕ್ಕಿಂತ ಉದ್ದದ್ದು. "ಮಾತೃಸ್ವರೂಪಿಣಿಯು ಚಹಾ ಸೋಸುವ ಚೌಕವನ್ನು ಕಂಡು ಈ ವಯೋವೃದ್ಧನು ಎದ್ದು ನಿಂತು ಕೈಮುಗಿದನು. ಇತಿ, ನಿವೃತ್ತ ಮುಖ್ಯೋಪಾಧ್ಯಾಯ ಕೊಟ್ರಬಸಪ್ಪ, ಕನಕಗಿರಿ." ಕನಕಗಿರಿಯ ಆ ವಯೋವೃದ್ಧ ನಾನು. ವಹಿ ದಪ್ಪಗೆ ಕಾಣಲಿ ಅಂತ ಮೊದಲ ಸಂಚಿಕೆಯಿಂದಲೂ ನಾಲ್ಕಾರು ಹೆಸರಿನಲ್ಲಿ ಬರೆಯುತ್ತ ಬಂದಿದ್ದೇನೆ. ಇಟಗಿಯ ಗುತ್ತಿಗೆದಾರ, ಯಲಬುರ್ಗಾದ ಭಗ್ನಪ್ರೇಮಿ, ಕೊಪ್ಪಳದ ಅನಾಮಧೇಯ ಸೊಸೆ, ಎಲ್ಲರೂ ನಾನೇ. ಬೈಯೋದಿದ್ದರೆ ಬೈ. ಆದರೆ ಆ ಮುದುಕ ಕೈಮುಗಿದದ್ದು ಮಾತ್ರ ಗೇಲಿಯಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ನಿಜಕ್ಕೂ ಎದ್ದು ನಿಂತಿದ್ದೆ.

ಆರನೆಯದಕ್ಕೆ ಬರುತ್ತೇನೆ. ಕೊನೆಯ ಹಾಳೆಯನ್ನು ನಾನು ಎಂದಿನಂತೆ ಎಡದಿಂದ ನೋಡಿದೆ. ಮೊದಲ ಚೌಕ ಖಾಲಿ. ಎರಡನೆಯದರಲ್ಲಿ ಕಾಲುವೆಯ ನೀರು, ಅದರ ಮೇಲೆ ಉಂಗುರ ಉಂಗುರ ಅಲೆ. ಮೂರನೆಯದರಲ್ಲಿ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ. ನಾಲ್ಕನೆಯದರಲ್ಲಿ ಗೀಚ್ಯಾ ಕಾಲುವೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದಾನೆ. ಹುಡುಗ ಈಜಿದ, ಎದ್ದ, ಮನೆಗೆ ಹೊರಟ. ಭಾಳ ಛಲೋ ಆತು ಅಂದುಕೊಂಡು ಹತ್ತು ಪ್ರತಿ ತೆಗೆಸಿದೆ.

ಜುಮ್ಮಾ ನಮಾಜು ಮುಗಿಸಿ ಜಿಲಾನಸಾಬರು ಬಂದರು. ಗಾದಿ ಹೊಲಿಯುವ ಜಿಲಾನಸಾಬರು, ದಿನಾ ಮರಿಸ್ವಾಮಿಯ ಬೆಂಚಿನ ಮೇಲೆ ಉರ್ದು ಪೇಪರ್ ಓದುವವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ನಾನು ಇಷ್ಟು ದಿನ ಅವರಿಗೆ ಕೊಟ್ಟಿರಲಿಲ್ಲ. ಅವತ್ತು ತಾವೇ ಎತ್ತಿಕೊಂಡರು. ಕನ್ನಡಕ ಏರಿಸಿ ಚಿತ್ರ ನೋಡುತ್ತ ಹೋದವರು ತಡೆದು, "ಕಲ್ಲೇಶ, ಈ ಪೋರ ಯಾರ ಪೈಕಿ?" ಅಂದರು.

ಯಾಕ್ರಿ ಚಾಚಾ ಅಂದೆ.

"ನೀರಾಗ ಇಳದಾನಲ್ಲೋ. ಮ್ಯಾಲ ಬಂದಿಲ್ಲ. ಮುಂದಿನ ಹಾಳಿ ಎಲ್ಲೈತಿ? ಬಂದಾನೇನು ನೋಡೂಣು."

ನಾನು ನಕ್ಕು, ಚಾಚಾ ನೀವು ಪುಸ್ತಕ ಉಲ್ಟಾ ಹಿಡಿದೀರಿ ಅಂದೆ.

"ನೀ ಹಿಡದೀದಿ ಉಲ್ಟಾ. ನಾ ಅರವತ್ತು ವರ್ಷದಿಂದ ಹಿಂಗ ಓದಾಕತ್ತೀನಿ" ಅಂದರು. ಬೆರಳಿಟ್ಟು ತೋರಿಸಿದರು. ಬಲದಿಂದ. ಏರಿಯ ಮೇಲೆ ಹುಡುಗ. ಮೆಟ್ಟಿಲ ಮೇಲೆ ಚಪ್ಪಲಿ. ನೀರು. ಆಮೇಲೆ ಖಾಲಿ.

ಎಲ್ಲ ನನಗೆ ಅಲ್ಲೇ ಗೊತ್ತಾಯಿತು. ನೀನು ಯಾವ ಕಡೆಯಿಂದ ಬರೆಯುವವನು ಅಂತ. ಆ ಖಾಲಿ ಚೌಕ ಗೀಚ್ಯಾ ಪ್ರತಿ ಸಲ ಪ್ರಶ್ನೆ ಕೇಳುವ ಚೌಕ. ಇರಬೇಕೋ ಬ್ಯಾಡೋ ಅಂತ ಈ ಸಲ ನೀನು ಕೇಳಿರಲೇ ಇಲ್ಲ.

ನಿನಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ನಿಮ್ಮ ಮನೆಗೆ ಓಡಿದೆ. ಅಬ್ಬಾ ನಂಬರ್ ಪ್ಲೇಟಿಗೆ ಹಳದಿ ಬಳಿಯುತ್ತಿದ್ದರು. "ನಿನ್ನಿ ನಿಮ್ಮ ಮನ್ಯಾಗ ಮಲಗ್ತೀನಿ ಅಂದಿದ್ನಲ್ಲೋ" ಅಂದರು. ಅವರ ಮುಖ ನೋಡಲಾಗದೆ ಹೌದು ಹೌದು ಅಂದು ಹೊರಗೆ ಬಂದೆ. ಅಲ್ಲಿಂದ ನೇರ ಕಾಲುವೆಗೆ ಓಡಿದೆ.

ಕಾಲುವೆಯ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಇದ್ದವು. ನೀರು ಕೆಂಪಗೆ, ತುಂಬಿ, ದಡದ ಹುಲ್ಲು ಎಳೆದುಕೊಂಡು ಹೊರಟಿತ್ತು. ನಾನು ಆ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ಏರಿಯ ಮೇಲೆ ಓಡತೊಡಗಿದೆ. ಎಲ್ಲಿಗೆ ಅಂತ ಕೇಳಬೇಡ. ಹಿಂದಿನಿಂದ "ಏ ಚಪ್ಲಿ ಕಳ್ಳಾ! ನಿಂದರಲೇ!" ಅಂತ ಒಂದು ದನಿ. ತಿರುಗಿ ನೋಡಿದರೆ ತೋಯ್ದ ಚಡ್ಡಿಯಲ್ಲಿ, ಮೈಗೆಲ್ಲಾ ಸಾಬೂನು ಹಚ್ಚಿಕೊಂಡ ಭೀಮಕಾಯದ ಒಬ್ಬ ಮನುಷ್ಯ. ಓಬಳೆಪ್ಪ ಅಂತ, ಟ್ರ್ಯಾಕ್ಟರ್ ಡ್ರೈವರ್. ಹಿಡಿದು ಕೈ ಎತ್ತಿದ. ನಾನು ಅವನನ್ನೇ ತಬ್ಬಿಕೊಂಡು, "ಇವು ನಿಮ್ಮವರೀ? ಖರೇನ ನಿಮ್ಮವರೀ?" ಅಂತ ಅಳಲು ಶುರು ಮಾಡಿದೆ. ಸಾಬೂನು ನನ್ನ ಕಣ್ಣಿಗೆ ಹೋಗಿತ್ತು ಅಂತ ಊರಲ್ಲಿ ಹೇಳಿದ್ದೇನೆ.

ಬಟ್ಟೆ ಒಗೆಯುತ್ತಿದ್ದ ಮುದುಕವ್ವ, "ಹೊಡಿಬ್ಯಾಡೋ ಓಬಳ್ಯಾ, ಹುಡುಗ ಅಂಜ್ಯಾನ" ಅಂದಳು. ಯಾರನ್ನು ಹುಡುಕುತ್ತೀ ಅಂತ ಕೇಳಿದಳು. ಹೇಳಿದೆ. "ನಿನ್ನಿ ಹೊತ್ತು ಮುಣಗೂತನ ಇಲ್ಲೇ ಇದ್ದೆ, ಇವತ್ತು ಮುಂಜಾನಿಂದ ಇಲ್ಲೇ ಅದೀನಿ. ನನ್ನ ಕಣ್ಣ ಮುಂದ ಇಳದವರೆಲ್ಲಾ ಮ್ಯಾಲ ಹತ್ಯಾರ, ತಮ್ಮಾ" ಅಂದಳು. ಆ ಮಾತು ಹಿಡಿದುಕೊಂಡು ನಾನು ಎರಡು ದಿನ ಬದುಕಿದೆ. ಆದರೆ ಆ ಕಾಲುವೆಗೆ ಒಂದೇ ಮೆಟ್ಟಿಲು ಸಾಲು ಇಲ್ಲವಲ್ಲ. ಶನಿವಾರ ಅಬ್ಬಾಗೆ ನಿಜ ಹೇಳಿದೆ. ಅವರು ಅಂಗಡಿ ಮುಚ್ಚಿದರು. ಒಂದು ಬೈಕಿನಲ್ಲಿ ಇಬ್ಬರೂ ಏರಿಯುದ್ದಕ್ಕೂ ಹೋದೆವು, ಹನುಮನಹಳ್ಳಿಯ ಕಡೆ ಹೊಳೆಯವರೆಗೂ. ಎಲ್ಲಿ ಚಪ್ಪಲಿ ಕಂಡರೂ ನನ್ನ ಹೆಗಲು ಹಿಡಿದುಕೊಳ್ಳುತ್ತಿದ್ದರು. ಆ ಹಿಡಿತದ ಗುರುತು ಇನ್ನೂ ಇದೆ, ಬಂದು ನೋಡು.

ನಿನ್ನೆ ಖಾಲಾ ಫೋನ್ ಮಾಡಿ, ಹುಡುಗ ಇಲ್ಲಿಗೆ ಬಂದು ಮೂರು ದಿನ ಆಯಿತು, ಊಟವೇ ಮಾಡವೊಲ್ಲ, ಗಂಗಾವತ್ಯಾಗ ಏನಾರ ಜಗಳಾಡ್ಯಾನೇನು ಅಂತ ಕೇಳಿದಾಗ ಅಬ್ಬಾ ಫೋನನ್ನು ನನ್ನ ಕೈಗೆ ಕೊಟ್ಟು ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟರು. ಡಬ್ಬಿಯ ಮುಚ್ಚಳ ಇರಲಿಲ್ಲ. ಅವರ ಪೈಜಾಮ ಈಗ ಹಳದಿ. ನಗು, ನಗಬಹುದು. ಅವರು ನಾಲ್ಕರ ಬಸ್ಸಿಗೆ ಬರುತ್ತಿದ್ದಾರೆ.

ಇಲ್ಲಿಗೆ ಬಂದ ಮೇಲೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಕಟ್ಟೆಯ ಮೇಲೆ ಕೂತ ಕೂಡಲೇ ಖಾಲಾ ಖುಷಿಯಿಂದ, "ಇವತ್ತ ಆರಾಮ ಅದಾನಪ್ಪ. ಎದ್ದು ಪೆನ್ಸಿಲ್ ಕೆತ್ತಿಕೊಂಡ. ಸಂಜಿಗೆ ಕೆರಿ ಕಡೆ ಹೋಗಿ ಬರ್ತೀನಿ ಅಂದಾನ" ಅಂದರು. ಅವರು ಕೊಟ್ಟ ಚಹಾ ಕೆಳಗಿಟ್ಟೆ. ಅವರಿಗೆ ಏನೂ ಹೇಳಲಿಲ್ಲ. ಹೇಳಿದರೆ ಮನೆ ತುಂಬ ಅಳು. ಹೊಸ್ತಿಲ ಹತ್ತಿರ ನಿನ್ನ ಚಪ್ಪಲಿ ಕಂಡವು. ಎತ್ತಿಕೊಂಡೆ. ಇಷ್ಟೇ ನನಗೆ ಹೊಳೆದದ್ದು.

ಬರೀ ಚಿತ್ರ ಬರೆಯಲು ಕೆರೆಗೆ ಹೊರಟಿದ್ದರೆ ನನ್ನನ್ನು ಹುಚ್ಚ ಅನ್ನು. ಜೋರಾಗಿ ಅನ್ನು, ಹೊರಗೆ ಕೇಳಿಸಲಿ. ಹುಚ್ಚ ಅನ್ನಿಸಿಕೊಳ್ಳಲು ಇಷ್ಟು ಆಸೆಯಿಂದ ಕಾದವನು ಈ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ವಹಿಯನ್ನು ಮೊಳೆಯಿಂದ ಕಿತ್ತುಕೊಂಡು ತಂದಿದ್ದೇನೆ. ನಿನ್ನೆ ಸಂಜೆ ಎಲ್ಲರನ್ನೂ ಕರೆಸಿ ಐದನೆಯದನ್ನು ಬಲದಿಂದ ಓದಿಸಿದೆ. ಪ್ರಭುರಾಜ ಓದಿ ಮುಗಿಸಿ ಹೊರಗೆ ಹೋಗಿ ಬೈಕಿನ ಮೇಲೆ ಕೂತ. ಸುನಿತಾ ಇಷ್ಟು ಬರೆದಿದ್ದಾಳೆ: "ನಾನು ನಕ್ಕಿದ್ದು ನಿಮ್ಮ ತಾಯಿ ಬಂದರು ಅಂತ. ಹೋದರು ಅಂತ ಗೊತ್ತಿರಲಿಲ್ಲ." ಜಿಲಾನಸಾಬರು ಉರ್ದುವಿನಲ್ಲಿ ಏನೋ ಬರೆದಿದ್ದಾರೆ. ಅದನ್ನು ಓದಲು ನೀನೇ ಬೇಕು.

ನನ್ನ ಅಭಿಪ್ರಾಯವೂ ಇರಲಿ, ಈ ಸಲ ನನ್ನ ಸ್ವಂತ ಹೆಸರಿನಲ್ಲಿ. ಆ ಖಾಲಿ ಚೌಕದಲ್ಲಿ ಏನು ಬರೆಯಬೇಕು ಅಂತ ನನಗೆ ಗೊತ್ತಿಲ್ಲ. ಬರೆಯದೆ ಬಿಡು. ವರ್ಷಗಟ್ಟಲೆ ಬಿಡು. ಕಥೆ ಮುಗಿಯಲಿಲ್ಲ ಅಂತ ಓದುಗರು ಬೈದರೆ ಅವರನ್ನು ನಾನು ನೋಡಿಕೊಳ್ಳುತ್ತೇನೆ, ಕನಕಗಿರಿಯ ಮುಖ್ಯೋಪಾಧ್ಯಾಯರಿಂದ ಖಂಡನಾ ಪತ್ರ ಬರೆಸುತ್ತೇನೆ. ನೀನು ಕೇಳಲಿಲ್ಲ, ಆದರೂ ಉತ್ತರ ಹೇಳುತ್ತೇನೆ. ಇರಬೇಕು. ಗೀಚ್ಯಾನೂ ಇರಬೇಕು, ಅವನ ತಲೆಗೂದಲು ತಿದ್ದುವ ಕೈಯೂ ಇರಬೇಕು.

ಖಾಲಾ ಮೂರನೇ ಸಲ ಬಂದು "ಒಳಗ ಬಾರಪ್ಪ, ಬಿಸಲು" ಅನ್ನುತ್ತಿದ್ದಾರೆ. ಇದನ್ನು ಅವರ ಕೈಗೆ ಕೊಡುತ್ತೇನೆ. ಬಾಗಿಲು ತೆಗೆಯುವ ಶಬ್ದಕ್ಕೆ ಕಿವಿ ಕೊಟ್ಟು ಇಲ್ಲೇ ಕೂತಿರುತ್ತೇನೆ. ನೀನು ಏಳದಿದ್ದರೆ ನಾಳೆಯೂ ಕೂತಿರುತ್ತೇನೆ.

ಇತಿ ನಿನ್ನ ಅಂಜುಬುರುಕ ಪ್ರಕಾಶಕ,
ಕಲ್ಲೇಶ

ತಾ.ಕ.: ರಟ್ಟಿನ ಮೇಲೆ ಗುರುತು ಹಾಕಲಿಲ್ಲ ಅಂತ ಮೇಲೆ ನಿನ್ನನ್ನೇ ಬೈದಿದ್ದೇನೆ. ಹೊಡೆದು ಹಾಕು ಆ ಸಾಲನ್ನು. ಆರನೆಯದನ್ನು ಬಿಟ್ಟು ಒಂದೊಂದು ಸಂಚಿಕೆಯ ಜೊತೆಗೂ ನೀನು ಬಾಣದ ಗುರುತಿನ ಚೀಟಿ ಬರೆದು ಕೊಟ್ಟಿದ್ದೆ, "ಇಲ್ಲಿಂದ ಶುರು" ಅಂತ, ಎಲ್ಲ ಪ್ರತಿಗೂ ಅಂಟಿಸು ಅಂತ. ನಿನಗೆ ಕೊಡುವ ಪ್ರತಿಗೆ ಮಾತ್ರ ಅಂಟಿಸಿದೆ. ಮೊದಲ ನಾಲ್ಕು ಸಲ ಜನ ಹೇಗೆ ಓದುತ್ತಾರೆ ನೋಡೋಣ ಅನ್ನುವ ಕಿತಾಪತಿಗೆ. ಜಿಲಾನಸಾಬರಿಂದ ಗೊತ್ತಾಯಿತು ಅಂದದ್ದೂ ಪೂರ್ತಿ ನಿಜವಲ್ಲ. ಆರನೆಯದನ್ನಷ್ಟೇ ನಾನು ರೂಢಿಗೆ ಬಿದ್ದು ಎಡದಿಂದ ಓದಿ ಮೋಸಹೋದದ್ದು. ಐದನೆಯದಕ್ಕೆ ಚೀಟಿ ಅಂಟಿಸಲೇಬೇಕು, ಇದು ಆಟವಲ್ಲ ಅಂತ ಗೋಂದಿನ ಬಾಟಲಿ ತೆಗೆದಿಟ್ಟುಕೊಂಡೇ ಕೂತಿದ್ದೆ. ಬಲದಿಂದ ಓದಿದೆ, ಅಮ್ಮಿ ಹೋದರು. ಎಡದಿಂದ ಓದಿದೆ, ಎದ್ದು ಬಂದು ಚಹಾ ಕೊಟ್ಟರು. ಚೀಟಿ ಅಂಟಿಸದೆ ಗೋಂದಿನ ಮುಚ್ಚಳ ಹಾಕಿಬಿಟ್ಟೆ.